ಇಗ್ಬೊ ಕಲಿಯುವವರಿಗೆ ಯಾವ ಬರಹ? ಚುಕ್ಕೆ, ತಾನಚಿಹ್ನೆ, ಹೊಸ ಲಿಪಿಗಳ ನಡುವೆ ಒಂದು ಆಯ್ಕೆ

ಇಗ್ಬೊ ಭಾಷೆಯಲ್ಲಿ 'ಉಕ್ವು' ಎಂದರೆ ಸೊಂಟ. 'ಉಕ್ವು' ಎಂದರೆ ಕಾಲು ಕೂಡ. ಕನ್ನಡ ಲಿಪಿಯಲ್ಲಿ ಬರೆದರೆ ಎರಡೂ ಒಂದೇ. ಇಗ್ಬೊ ಬರಹದಲ್ಲಿ ಮಾತ್ರ ಎರಡನೆಯ ಪದದ ಎರಡೂ ಯು ಅಕ್ಷರಗಳ ಕೆಳಗೆ ಒಂದೊಂದು ಚುಕ್ಕೆ ಕುಳಿತಿರುತ್ತದೆ. ನೋವು ಎಲ್ಲಿ ಎಂದು ವೈದ್ಯರಿಗೆ ಬರೆದು ತಿಳಿಸುವಾಗ ಆ ಚುಕ್ಕೆ ಚಿಕ್ಕದಲ್ಲ.

ಆಗ್ನೇಯ ನೈಜೀರಿಯಾದ ಅನಂಬ್ರ, ಇಮೊ, ಅಬಿಯ, ಎನುಗು, ಎಬೊನ್ಯಿ ರಾಜ್ಯಗಳಲ್ಲಿ ಕೋಟಿಗಟ್ಟಲೆ ಜನರ ಮನೆಮಾತು ಇಗ್ಬೊ. ನಮ್ಮಲ್ಲಿ ಕೆಲವರಿಗೆ ಅದು ಬೆಂಗಳೂರಿನ ಕಾಲೇಜಿನ ಸಹಪಾಠಿಯ ಬಾಯಲ್ಲಿ ಕೇಳಿಸಿದೆ, ಇನ್ನು ಕೆಲವರಿಗೆ ಕೆಲಸಕ್ಕೆಂದು ಲೇಗೋಸ್‌ಗೆ ಹೋದಾಗ. ಕುತೂಹಲದಿಂದ ಕಲಿಯಲು ಕುಳಿತವರನ್ನು ಮೊದಲು ದಾರಿ ತಪ್ಪಿಸುವುದು ವ್ಯಾಕರಣವಲ್ಲ, ಕಾಗುಣಿತ. ಶಾಲಾ ಪುಸ್ತಕದಲ್ಲಿ ಅಕ್ಷರದ ಕೆಳಗೆ ಚುಕ್ಕೆ ಇರುತ್ತದೆ. ಗೆಳೆಯ ಕಳುಹಿಸಿದ ಮೊಬೈಲ್ ಸಂದೇಶದಲ್ಲಿ ಚುಕ್ಕೆಯೇ ಇಲ್ಲ. ಒಂದು ನಿಘಂಟಿನಲ್ಲಿ ಕೆಳಗೂ ಚುಕ್ಕೆ, ಮೇಲೂ ಗೆರೆ. ಇನ್ನೊಂದರಲ್ಲಿ ಮೇಲೆ ಎರಡು ಚುಕ್ಕೆ. ಹಳೆಯ ಪುಸ್ತಕ ತೆರೆದರೆ ಬೇರೆಯೇ ಅಕ್ಷರಗಳು. ಇಷ್ಟರ ಮೇಲೆ, ರೋಮನ್ ಅಕ್ಷರವೇ ಬೇಡ ಎಂದು ಹೊಸ ಲಿಪಿ ಮಾಡಿಕೊಂಡವರೂ ಇದ್ದಾರೆ.

ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. 1961ರ ಚುಕ್ಕೆಯ ಕಾಗುಣಿತವನ್ನು ಮೊದಲ ದಿನದಿಂದಲೇ ಹಿಡಿಯಿರಿ. ದನಿಯ ಏರಿಳಿತ ತೋರಿಸುವ ತಾನಚಿಹ್ನೆಗಳನ್ನು ನಿಮ್ಮ ನೋಟ್‌ಪುಸ್ತಕದಲ್ಲಿ ಮಾತ್ರ ಬಳಸಿ. ಮಿಕ್ಕವನ್ನು ಕಂಡರೆ ಗುರುತಿಸುವಷ್ಟು ತಿಳಿದಿದ್ದರೆ ಸಾಕು. ಕಾರಣಗಳು ಮುಂದಿವೆ. ರೋಮನ್ ಅಕ್ಷರಗಳನ್ನು ಇಲ್ಲಿ ಅವುಗಳ ಇಂಗ್ಲಿಷ್ ಹೆಸರಿನಿಂದಲೇ ಕರೆಯುತ್ತೇನೆ. ಕೆಳಗೆ ಚುಕ್ಕೆ ಇರುವ ಐ, ಓ, ಯುಗಳನ್ನು ಚುಕ್ಕೆ ಐ, ಚುಕ್ಕೆ ಓ, ಚುಕ್ಕೆ ಯು ಎನ್ನುತ್ತೇನೆ.

ಶಾಲೆಯಲ್ಲಿ ಕಲಿಸುವ ಕಾಗುಣಿತ

ಇದಕ್ಕೆ ಒನ್ವು ಕಾಗುಣಿತ ಎಂದು ಹೆಸರು. ಡಾ. ಎಸ್. ಇ. ಒನ್ವು ಅವರ ಅಧ್ಯಕ್ಷತೆಯ ಸಮಿತಿ 1961ರಲ್ಲಿ ಕೊಟ್ಟ ಪದ್ಧತಿ ಇದು. (ಒನ್ವು ಎಂಬ ಪದಕ್ಕೆ ಇಗ್ಬೊದಲ್ಲಿ ಸಾವು ಎಂದರ್ಥ. ಆ ಪದ ಸೇರಿದ ಹೆಸರುಗಳು ಅಲ್ಲಿ ಸಾಮಾನ್ಯ, ಹಾಗಾಗಿ ಗಾಬರಿಯಾಗಬೇಕಿಲ್ಲ.) ಒಟ್ಟು 36 ಅಕ್ಷರಗಳು: 8 ಸ್ವರ, 28 ವ್ಯಂಜನ. ಕ್ಯೂ, ಎಕ್ಸ್ ಇಲ್ಲ. ಸಿ ಒಂಟಿಯಾಗಿ ಬರುವುದಿಲ್ಲ, ಎಚ್ ಜೊತೆ ಸೇರಿ ನಮ್ಮ ಚ ಆಗುತ್ತದೆ. ಸ್ವರಕ್ಕೆ ಅವರು ಹೇಳುವುದು 'ಉದಾಉಮೆ', ಅಂದರೆ ಉಸಿರಿನ ದನಿ. ವ್ಯಂಜನಕ್ಕೆ 'ಮ್ಗ್ಬೊಚಿಉಮೆ', ಉಸಿರನ್ನು ತಡೆಯುವುದು. ನಮ್ಮ ಸ್ವರ, ವ್ಯಂಜನ ಎಂಬ ಹೆಸರುಗಳಿಗಿಂತ ಇವು ಬಾಯಿಗೆ ಹತ್ತಿರ ಎಂದು ನನಗೆ ಅನ್ನಿಸುತ್ತದೆ.

ಎರಡು ರೋಮನ್ ಅಕ್ಷರ ಸೇರಿ ಒಂದೇ ವ್ಯಂಜನವಾಗುವ ಜೋಡಿಗಳು ಒಂಬತ್ತು. ಕನ್ನಡಿಗರು ಎಡವುವುದು ಇಲ್ಲಿಯೇ. ಜಿ-ಎಚ್ ಜೋಡಿಯನ್ನು ಕಂಡ ಕೂಡಲೇ ನಮ್ಮ ಕಣ್ಣು ಘ ಎಂದು ಓದುತ್ತದೆ. ಅದು ಘ ಅಲ್ಲ. ಉರ್ದು ಬಲ್ಲವರು ಗಜಲ್ ಎನ್ನುವಾಗ ಮೊದಲಿಗೆ ಗಂಟಲಿನಲ್ಲಿ ಉಜ್ಜಿಕೊಂಡು ಬರುವ ಗ ಇದೆಯಲ್ಲ, ಅದು. ಯುದ್ಧಕ್ಕೆ ಇಗ್ಬೊದಲ್ಲಿರುವ 'ಅಘ' ಎಂಬ ಪದದಲ್ಲಿ ಈ ಜೋಡಿ ಇದೆ. ಜಿ-ಬಿ ಮತ್ತು ಕೆ-ಪಿ ಇನ್ನೂ ಕಷ್ಟ. ನಾಲಿಗೆಯ ಹಿಂಭಾಗ ಗ ಎನ್ನಲು ತಾಗಿರುವಾಗಲೇ ತುಟಿಗಳು ಬ ಎನ್ನಲು ಮುಚ್ಚಿರಬೇಕು, ಎರಡನ್ನೂ ಒಟ್ಟಿಗೆ ಬಿಡಬೇಕು. ಕನ್ನಡದ ಒತ್ತಕ್ಷರದ ಅಭ್ಯಾಸದಲ್ಲಿ ನಾವು ಇಗ್-ಬೊ ಎಂದು ಒಡೆಯುತ್ತೇವೆ. ಅಲ್ಲಿ ಅದು ಇ-ಗ್ಬೊ. ಇಂಗ್ಲಿಷರಿಗೆ ಈ ದನಿ ಹೊರಳದೆ ಬಹಳ ಕಾಲ ಇಬೊ ಎಂದೇ ಬರೆದರು.

ಎರಡು ಕಡೆ ಮಾತ್ರ ನಮಗೆ ಸಲೀಸು. ನಮ್ಮ ವರ್ಣಮಾಲೆಯಲ್ಲಿ ಬಾಯಿಪಾಠಕ್ಕಷ್ಟೇ ಉಳಿದಿರುವ ಙ, ಞ ಅಲ್ಲಿ ದಿನವೂ ದುಡಿಯುತ್ತವೆ. ಎನ್-ವೈ ಜೋಡಿ ಎಂದರೆ ಞ. ಕಣ್ಣಿಗೆ ಇಗ್ಬೊ ಪದ 'ಅಞ'. ಮೇಲೆ ಚುಕ್ಕೆ ಇರುವ ಎನ್ ಎಂದರೆ ಙ. ಅದು ಪದದ ಮೊದಲಲ್ಲೂ ಬರುತ್ತದೆ: ಕುಡಿಯುವ ಕ್ರಿಯೆಯ ಧಾತು 'ಙು'. ಸಂಸ್ಕೃತವನ್ನು ರೋಮನ್ ಅಕ್ಷರದಲ್ಲಿ ಬರೆಯುವ ವಿದ್ವಾಂಸರು ಙ ಕಾರಕ್ಕೆ ಬಳಸುವುದೂ ಇದೇ ಚುಕ್ಕೆಯ ಎನ್ ಅನ್ನು. ಆ ಪದ್ಧತಿ ತಿಳಿದವರಿಗೆ ಒಂದು ಎಚ್ಚರಿಕೆ ಕೂಡ: ಅಲ್ಲಿ ಕೆಳಗಿನ ಚುಕ್ಕೆ ಎಂದರೆ ಟ, ಡ, ಣಗಳಂತಹ ಮೂರ್ಧನ್ಯ. ಇಗ್ಬೊದಲ್ಲಿ ಕೆಳಗಿನ ಚುಕ್ಕೆ ಬೀಳುವುದು ಸ್ವರಕ್ಕೆ, ಅದರ ಕೆಲಸವೇ ಬೇರೆ. ಮೇಲಿನ ಚುಕ್ಕೆಯನ್ನು ಬಿಟ್ಟರೆ ಏನಾಗುತ್ತದೆ? 'ಅನು' ಎಂದರೆ ಮಾಂಸ, 'ಅಙು' ಎಂದರೆ ಜೇನುಹುಳು. ಜೇನುತುಪ್ಪಕ್ಕೆ 'ಮ್ಮನು ಅಙು', ಜೇನುಹುಳುವಿನ ಎಣ್ಣೆ ಎನ್ನುತ್ತಾರೆ. ಚುಕ್ಕೆ ಹಾರಿದರೆ ಅದು ಮಾಂಸದ ಎಣ್ಣೆ.

ಪದದ ಮೊದಲಲ್ಲಿ ಇನ್ನೊಂದು ವ್ಯಂಜನಕ್ಕಿಂತ ಮುಂಚೆ ನಿಲ್ಲುವ ಎಮ್, ಎನ್ ತಾವೇ ಒಂದು ಮಾತ್ರೆ ತೆಗೆದುಕೊಳ್ಳುತ್ತವೆ. ನೀರು ಎಂಬರ್ಥದ 'ಮ್ಮಿರಿ' ಮೂರು ಮಾತ್ರೆ: ಮ್-ಮಿ-ರಿ.

ಚುಕ್ಕೆ ಯಾಕೆ ಬಿಡಬಾರದು

ಇಗ್ಬೊ ಸ್ವರಗಳು ಎರಡು ಬಣ. ಒಂದರಲ್ಲಿ ಇ, ಐ, ಓ, ಯು. ಇನ್ನೊಂದರಲ್ಲಿ ಎ, ಚುಕ್ಕೆ ಐ, ಚುಕ್ಕೆ ಓ, ಚುಕ್ಕೆ ಯು. (ಇಲ್ಲಿ ಇ, ಎ ಎಂದಿರುವುದು ಇಂಗ್ಲಿಷ್ ಅಕ್ಷರಗಳ ಹೆಸರು, ಓದುವಾಗ ಅವು ಎ, ಅ.) ಮೊದಲನೆಯದನ್ನು ಹಗುರ ದನಿಗಳೆಂದೂ ಎರಡನೆಯದನ್ನು ಭಾರದ ದನಿಗಳೆಂದೂ ಅಲ್ಲಿನ ಶಾಲೆಗಳಲ್ಲಿ ಹೇಳಿಕೊಡುತ್ತಾರೆ. ಒಂದು ಸರಳ ಪದದಲ್ಲಿ ಒಂದು ಬಣದ ಸ್ವರಗಳು ಮಾತ್ರ ಕೂರುತ್ತವೆ. ಕಾಲು ಎಂಬ 'ಉಕ್ವು'ವಿನಲ್ಲಿ ಒಂದು ಯುಗೆ ಚುಕ್ಕೆ ಇದ್ದರೆ ಇನ್ನೊಂದಕ್ಕೂ ಇರಲೇಬೇಕು. ಪುಸ್ತಕ ಎಂಬ 'ಅಕ್ವುಕ್ವೊ'ದಲ್ಲಿ ಮೊದಲಿಗೆ ಎ ಇದೆ, ಆದ್ದರಿಂದ ಹಿಂದೆ ಬರುವ ಯು, ಓ ಎರಡಕ್ಕೂ ಚುಕ್ಕೆ. ಈ ನಿಯಮ ಕೈಗೆ ಹತ್ತಿದರೆ ಅರ್ಧದಷ್ಟು ಚುಕ್ಕೆಗಳನ್ನು ಬಾಯಿಪಾಠ ಮಾಡಬೇಕಿಲ್ಲ. ನಿಯಮ ಮುರಿದಂತೆ ಕಂಡರೆ ಸಾಮಾನ್ಯವಾಗಿ ಅದು ಸಮಾಸ. ವಿಮಾನಕ್ಕೆ 'ಉಗ್ಬೊಎಲು' ಎನ್ನುತ್ತಾರೆ. ವಾಹನ ಎಂಬ ಮೊದಲರ್ಧಕ್ಕೆ ಚುಕ್ಕೆಗಳಿವೆ, ಮೇಲು ಎಂಬ ಎರಡನೆಯ ಅರ್ಧಕ್ಕೆ ಇಲ್ಲ. ಎಲ್ಲಿ ಬೆಸೆದಿದ್ದಾರೆ ಎಂಬುದನ್ನು ಚುಕ್ಕೆಯೇ ತೋರಿಸುತ್ತದೆ.

ವ್ಯಾಕರಣವೂ ಈ ಬಣಗಳ ಮೇಲೇ ನಿಂತಿದೆ. ಅವನು, ಅವಳು, ಅದು ಮೂರಕ್ಕೂ ಇಗ್ಬೊದಲ್ಲಿ ಒಂದೇ ಸರ್ವನಾಮ, 'ಒ'. ಆ ಒಗೆ ಚುಕ್ಕೆ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ಮುಂದಿನ ಕ್ರಿಯಾಪದ: 'ಬಂದ' ಎನ್ನುವಾಗ ಚುಕ್ಕೆ ಓ, 'ತಿಂದ' ಎನ್ನುವಾಗ ಬರಿಯ ಓ. ಕ್ರಿಯಾಪದದ ಮೂಲರೂಪಕ್ಕೆ ಮುಂದೆ ಸೇರುವ ಐ ಕೂಡ ಹಾಗೆಯೇ. 'ಇರಿ' ಚುಕ್ಕೆ ಇಲ್ಲದಿದ್ದರೆ ತಿನ್ನುವುದು, ಎರಡೂ ಐಗೆ ಚುಕ್ಕೆ ಇದ್ದರೆ ಏರುವುದು.

ಆದರೂ ಮೊಬೈಲ್ ಸಂದೇಶಗಳಲ್ಲಿ ಹೆಚ್ಚಿನವರು ಚುಕ್ಕೆ ಹಾಕುವುದಿಲ್ಲ. ಅದು ತಪ್ಪು ಎಂದು ನಾನು ಹೇಳುವುದಿಲ್ಲ. ಭಾಷೆ ತಾಯಿಯಿಂದ ಬಂದವರಿಗೆ ಸಂದರ್ಭವೇ ಚುಕ್ಕೆ. ರೋಮನ್ ಅಕ್ಷರದಲ್ಲಿ ಕನ್ನಡ ಕುಟ್ಟುವ ನಮ್ಮ ಮಕ್ಕಳು 'ಹಲ್ಲು'ವನ್ನೂ 'ಹಳ್ಳ'ವನ್ನೂ ಒಂದೇ ಎಲ್‌ನಲ್ಲಿ ದಾಟಿಸುವುದಿಲ್ಲವೇ, ಹಾಗೆ. ಹೊರಗಿನಿಂದ ಕಲಿಯುವವರಿಗೆ ಮಾತ್ರ ಆ ದಾರಿ ಮೋಸ. ಮೊದಲ ಕೆಲವು ತಿಂಗಳು ನಾನೂ ಬೇಗ ಆಗುತ್ತದೆಂದು ಚುಕ್ಕೆ ಬಿಟ್ಟೇ ಪದಪಟ್ಟಿ ಮಾಡಿಕೊಂಡೆ. ಆಮೇಲೆ ಬೆಂಕಿ ಎಂಬ 'ಒಕು', ಕರೆ ಎಂಬ 'ಒಕು' ಎರಡೂ ಒಂದೇ ಸಾಲಿನಲ್ಲಿ ಬಿದ್ದಿದ್ದವು. ಬೆಂಕಿಗೆ ಚುಕ್ಕೆಗಳು ಬೇಕು, ಫೋನ್ ಕರೆಗೆ ಬೇಡ. ಪಟ್ಟಿಯನ್ನು ಪೂರ್ತಿ ಹರಿದು ಮತ್ತೆ ಬರೆದೆ.

ಸುದ್ದಿಯನ್ನು ಇಗ್ಬೊದಲ್ಲೇ ಓದಿ ಅಭ್ಯಾಸ ಮಾಡುವವರಿಗೆ 2018ರ ಫೆಬ್ರುವರಿಯಲ್ಲಿ ಶುರುವಾದ ಬಿಬಿಸಿ ಇಗ್ಬೊ ಒಳ್ಳೆಯ ಜಾಗ. ಅಲ್ಲಿನ ಬರಹದಲ್ಲಿ ಚುಕ್ಕೆಗಳಿವೆ, ತಾನಚಿಹ್ನೆಗಳಿಲ್ಲ. ನೀವು ಗುರಿಯಾಗಿಟ್ಟುಕೊಳ್ಳಬೇಕಾದ ಹದವೂ ಅದೇ.

ತಾನಚಿಹ್ನೆ: ನೋಟ್‌ಪುಸ್ತಕದ ವರೆಗೆ

ಇಗ್ಬೊ ತಾನಭಾಷೆ. ದನಿಯ ಮಟ್ಟ ಏರಿತೋ ಇಳಿಯಿತೋ ಎಂಬುದರಿಂದ ಅರ್ಥ ಬದಲಾಗುತ್ತದೆ. ಎಲ್ಲ ಪಾಠಗಳಲ್ಲೂ ಬರುವ ಉದಾಹರಣೆ 'ಅಕ್ವ'. ಎರಡೂ ಅಕ್ಷರ ಏರಿನಲ್ಲಿದ್ದರೆ ಅಳು. ಎರಡೂ ತಗ್ಗಿನಲ್ಲಿದ್ದರೆ ಹಾಸಿಗೆ. ತಗ್ಗಿನಿಂದ ಏರಿದರೆ ಮೊಟ್ಟೆ. ಏರಿನಿಂದ ತಗ್ಗಿದರೆ ಬಟ್ಟೆ. ಚುಕ್ಕೆ ಇಲ್ಲಿ ಏನೂ ಸಹಾಯ ಮಾಡುವುದಿಲ್ಲ, ನಾಲ್ಕರ ಕಾಗುಣಿತವೂ ಒಂದೇ. ವಾಕ್ಯದ ಮಟ್ಟದಲ್ಲೂ ಹೀಗೆಯೇ: 'ಒ ಬ್ಯಾರ' ಎಂದರೆ ಬಂದ. ಸರ್ವನಾಮ ಒ ಅನ್ನು ತಗ್ಗಿಸಿ ಹೇಳಿದರೆ ಬಂದನೇ? ಎಂದು ಪ್ರಶ್ನೆ. ನಾವು ಕೊನೆಯಲ್ಲಿ ಏ ಸೇರಿಸಿ ಮಾಡುವ ಕೆಲಸವನ್ನು ಅವರು ಮೊದಲಲ್ಲೇ ದನಿ ಇಳಿಸಿ ಮುಗಿಸುತ್ತಾರೆ.

ಇದನ್ನು ಬರಹದಲ್ಲಿ ತೋರಿಸಲು ಮೂರು ಬಗೆಗಳಿವೆ. ಪ್ರತಿ ಮಾತ್ರೆಗೂ ಚಿಹ್ನೆ ಹಾಕುವುದು ಒಂದು: ಏರಿಗೆ ಬಲಕ್ಕೆ ಎದ್ದ ಗೆರೆ, ತಗ್ಗಿಗೆ ಎಡದಿಂದ ಇಳಿದ ಗೆರೆ, ಏರಿದ ಮೇಲೆ ಒಂದು ಮೆಟ್ಟಿಲು ಇಳಿಯುವುದಕ್ಕೆ ಅಡ್ಡಗೆರೆ. ಏರನ್ನು ಹಾಗೇ ಬಿಟ್ಟು ಉಳಿದವಕ್ಕೆ ಮಾತ್ರ ಗುರುತು ಹಾಕುವುದು ಇನ್ನೊಂದು. ಗೊಂದಲವಾಗುವ ಪದಗಳಿಗಷ್ಟೇ ಹಾಕುವುದು ಮೂರನೆಯದು. ಕನ್ನಡ ಲಿಪಿಯಲ್ಲಿ ಅಚ್ಚಾದ ವೇದಮಂತ್ರಗಳ ಪುಸ್ತಕ ನೋಡಿದವರಿಗೆ ಎರಡನೆಯ ಬಗೆ ಹೊಸದೆನಿಸದು. ಅಲ್ಲಿ ಅನುದಾತ್ತಕ್ಕೆ ಕೆಳಗೆ ಗೆರೆ, ಸ್ವರಿತಕ್ಕೆ ಮೇಲೆ ಗೆರೆ, ಉದಾತ್ತಕ್ಕೆ ಏನೂ ಇಲ್ಲ.

ಕಲಿಯುವವರಿಗೆ ಮೊದಲ ಬಗೆಯೇ ಸೂಕ್ತ ಎನ್ನುತ್ತೇನೆ. ಗುರುತು ಇಲ್ಲದ್ದು ಏರಿನಿಂದಲೋ ನಿಮ್ಮ ಮರೆವಿನಿಂದಲೋ ಎಂಬ ಅನುಮಾನ ಅಲ್ಲಿ ಉಳಿಯುವುದಿಲ್ಲ. ಪದವನ್ನು ಕೇಳಿದ ಕೂಡಲೇ ಚಿಹ್ನೆ ಹಾಕಿ, ಮುಂದಿನ ವಾರ ಅದನ್ನು ನೋಡಿ ಜೋರಾಗಿ ಹೇಳಿ. ಆದರೆ ಗೆಳೆಯರಿಗೆ ಬರೆಯುವಾಗ ಹಾಕಬೇಡಿ. ಪತ್ರಿಕೆ, ಕಾದಂಬರಿ, ಪತ್ರ ಯಾವುದರಲ್ಲೂ ಅವನ್ನು ಪೂರ್ತಿಯಾಗಿ ಹಾಕುವ ರೂಢಿ ಇಲ್ಲ. ತುಂಬ ಹಾಕಿದರೆ ನಿಮ್ಮ ಸಂದೇಶ ಪಠ್ಯಪುಸ್ತಕದ ಅಭ್ಯಾಸದಂತೆ ಕಾಣುತ್ತದೆ.

ಮೇಲೆ ಎರಡು ಚುಕ್ಕೆ

ಮೈಕೆಲ್ ಎಚೆರುವೊ ಅವರ 1998ರ ನಿಘಂಟಿನಲ್ಲಿ ಕೆಳಗಿನ ಒಂದು ಚುಕ್ಕೆಯ ಬದಲು ಮೇಲೆ ಎರಡು ಚುಕ್ಕೆಗಳಿವೆ, ಜರ್ಮನ್ ಬರಹದಲ್ಲಿ ಕಾಣುವಂತೆ. ಕೆಳಗಿನ ಚುಕ್ಕೆ ಹಾಕಲಾಗದ ಯಂತ್ರಗಳ ಕಾಲದಲ್ಲಿ ಇದು ಜಾಣತನವೇ ಆಗಿತ್ತು. ಈಗ ಆ ಅಡಚಣೆ ಇಲ್ಲ. ಆ ನಿಘಂಟು ಕೈಯಲ್ಲಿದ್ದರೆ ಮೇಲಿನ ಎರಡನ್ನು ಕೆಳಗಿನ ಒಂದೆಂದು ಮನಸ್ಸಿನಲ್ಲೇ ಇಳಿಸಿಕೊಂಡು ಓದಿ, ಬರೆಯುವಾಗ ಬೇಡ.

ಹಳೆಯ ಕಾಗುಣಿತಗಳ ಜಗಳ

ಇಗ್ಬೊಗೆ ಇಷ್ಟು ಬಗೆಯ ಬರಹ ಬಂದದ್ದು ಹೇಗೆ ಎಂಬ ಕತೆ ನನಗೆ ಕಾಗುಣಿತಕ್ಕಿಂತ ಹೆಚ್ಚು ಇಷ್ಟ. ಗುಲಾಮಗಿರಿಯಿಂದ ಬಿಡುಗಡೆಯಾಗಿ ಪಾದ್ರಿಯಾದ ಯೊರುಬಾ ವ್ಯಕ್ತಿ ಸ್ಯಾಮ್ಯುಯೆಲ್ ಅಜಾಯಿ ಕ್ರೌಥರ್ 1857ರಲ್ಲಿ ಇಗ್ಬೊ ಬಾಲಬೋಧೆಯನ್ನು ಹೊರತಂದರು. ಆಂಗ್ಲಿಕನ್ ಮಿಷನ್ನಿನವರು ಜರ್ಮನ್ ವಿದ್ವಾಂಸ ಲೆಪ್ಸಿಯಸ್ ರೂಪಿಸಿದ ಅಕ್ಷರಪದ್ಧತಿಯನ್ನು ಹಿಡಿದರು. ಆರ್ಚ್‌ಡೀಕನ್ ಥಾಮಸ್ ಡೆನ್ನಿಸ್ ಹಲವು ಉಪಭಾಷೆಗಳನ್ನು ಬೆರೆಸಿ ಒಂದು 'ಕೂಡು ಇಗ್ಬೊ' ಕಟ್ಟಿ, ಅದರಲ್ಲಿ 1913ರಲ್ಲಿ ಬೈಬಲ್ ತಂದರು. ಯಾರ ಮನೆಯಲ್ಲೂ ಆಡದ ಆ ಭಾಷೆಯ ಮೇಲೆ ಇಗ್ಬೊ ಮನೆಮಾತಿನ ಕಾದಂಬರಿಕಾರ ಚಿನುವಾ ಅಚೆಬೆ ಅವರಿಗೆ ಎಷ್ಟು ಸಿಟ್ಟಿತ್ತೆಂದರೆ, 1999ರಲ್ಲಿ ಒವೆರಿ ಪಟ್ಟಣದಲ್ಲಿ ಇಗ್ಬೊದಲ್ಲೇ ಕೊಟ್ಟ ಉಪನ್ಯಾಸದಲ್ಲೂ ಡೆನ್ನಿಸ್ ಅವರನ್ನು ಬಿಡಲಿಲ್ಲ.

1920ರ ದಶಕದ ಕೊನೆಯಲ್ಲಿ ವಸಾಹತು ಸರ್ಕಾರ ಹೊಸ ಪದ್ಧತಿಯೊಂದನ್ನು ತಂದಿತು. ಲಂಡನ್ನಿನಲ್ಲಿ ಆಫ್ರಿಕಾದ ಭಾಷೆಗಳಿಗೆಂದು ರೂಪಿಸಿದ ಅಕ್ಷರಮಾಲೆ ಅದು. ಚುಕ್ಕೆ ಓ ಬದಲು ತಿರುಗಿಸಿದ ಸಿ ಆಕಾರದ ಅಕ್ಷರ ಅದರ ಗುರುತು. ಕ್ಯಾಥೊಲಿಕರು, ಮೆಥಡಿಸ್ಟರು ಒಪ್ಪಿದರು. ಆಂಗ್ಲಿಕನ್ನರು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಗುವಿನ ಕಾಗುಣಿತವನ್ನು ತೀರ್ಮಾನಿಸಿದ್ದು ಅದು ಯಾವ ಚರ್ಚಿನ ಶಾಲೆಗೆ ಹೋಗುತ್ತದೆ ಎಂಬುದು. ಕೊಂಕಣಿಯನ್ನು ಮಂಗಳೂರಿನಲ್ಲಿ ಕನ್ನಡ ಲಿಪಿಯಲ್ಲೂ ಗೋವೆಯಲ್ಲಿ ದೇವನಾಗರಿ, ರೋಮಿಗಳಲ್ಲೂ ಬರೆಯುವುದನ್ನು ಕಂಡ ನಮಗೆ ಇದು ಅಚ್ಚರಿಯಲ್ಲ. 1949ರಲ್ಲಿ ಎಫ್. ಸಿ. ಒಗ್ಬಾಲು ಇಗ್ಬೊ ಭಾಷೆ ಮತ್ತು ಸಂಸ್ಕೃತಿಯ ಪ್ರಚಾರಕ್ಕೆಂದು ಸಂಘ ಕಟ್ಟಿದರು. ಕೊನೆಗೆ 1961ರಲ್ಲಿ ಒನ್ವು ಸಮಿತಿ ಎರಡೂ ಕಡೆಯವರು ನುಂಗಬಹುದಾದ ರಾಜಿ ಮಾಡಿಸಿತು: ಎಂಟು ಸ್ವರ ಇರಲಿ, ವಿಚಿತ್ರ ಆಕಾರದ ಅಕ್ಷರ ಬೇಡ, ಚುಕ್ಕೆ ಸಾಕು.

ಹಳೆಯ ಪುಸ್ತಕ, ದಾಖಲೆಗಳನ್ನು ಓದುವ ಸಂಶೋಧಕರ ಹೊರತು ಬೇರೆಯವರು ಈ ಎರಡು ಪದ್ಧತಿಗಳನ್ನು ಕಲಿಯುವ ಅಗತ್ಯವಿಲ್ಲ. ಆದರೆ ಭೂಪಟ ನೋಡುವಾಗ ಇಂಗ್ಲಿಷರ ಕಿವಿ ಇನ್ನೂ ಎದುರಾಗುತ್ತದೆ. ಅವರ ಬರಹದ ಆವ್ಕ ಪಟ್ಟಣ ಇಗ್ಬೊದಲ್ಲಿ ಚುಕ್ಕೆ ಓ ಇರುವ 'ಒಕ'. ಒನಿಟ್ಶಾ ಎಂಬುದು 'ಒನಿಚ'. ನಾವು 2014ರಲ್ಲಿ ಬೆಂಗಳೂರು, ಶಿವಮೊಗ್ಗಗಳ ಇಂಗ್ಲಿಷ್ ಕಾಗುಣಿತ ತಿದ್ದಿದೆವು. ಅಲ್ಲಿನ ಊರುಗಳ ಇಂಗ್ಲಿಷ್ ರೂಪ ಹಾಗೇ ಇದೆ.

ಒನ್ವು ಪದ್ಧತಿಯಲ್ಲೂ ಕೊರತೆ ಇದೆ. ಒವೆರಿ ಕಡೆಯ ಮಾತಿನಲ್ಲಿ ಮಹಾಪ್ರಾಣಗಳಿವೆ, ಮೂಗಿನಿಂದ ಬರುವ ದನಿಗಳಿವೆ. ಅವಕ್ಕೆ ಈ 36ರಲ್ಲಿ ಜಾಗವಿಲ್ಲ. ಒನಿಚದವರು 'ಇಫೆ' ಎನ್ನುವುದನ್ನು ಶಿಷ್ಟ ಬರಹ 'ಇಹೆ' ಎಂದು ಬರೆಯುತ್ತದೆ, ಅರ್ಥ ವಸ್ತು. ನಿಮ್ಮ ಗುರು ಯಾವ ಊರಿನವರು ಎಂದು ಮೊದಲೇ ಕೇಳಿಕೊಳ್ಳಿ, ಬರಹದಲ್ಲಿ ಶಿಷ್ಟರೂಪ ಇಟ್ಟುಕೊಂಡು ಬಾಯಲ್ಲಿ ಅವರನ್ನು ಅನುಸರಿಸಿ.

ರೋಮನ್ ಬಿಟ್ಟ ಲಿಪಿಗಳು

ಆಗ್ನೇಯ ನೈಜೀರಿಯಾದ ಕ್ರಾಸ್ ನದಿಯ ಸೀಮೆಯಲ್ಲಿ ಎಕ್‌ಪೆ ಎಂಬ ಗುಪ್ತಸಂಘದವರು ಬಳಸುತ್ತಿದ್ದ 'ನ್ಸಿಬಿದಿ' ಚಿಹ್ನೆಗಳು ಬಹಳ ಸುಂದರ. ಸಂಘದವರು ಉಡುವ 'ಉಕಾರ' ಎಂಬ ನೀಲಿ ಬಟ್ಟೆಯ ಮೇಲೂ ಅವು ಕಾಣುತ್ತವೆ. ಆದರೆ ಅವು ಭಾವವನ್ನು ಸೂಚಿಸುವ ಗುರುತುಗಳು, ದನಿಯನ್ನಲ್ಲ. ಇಗ್ಬೊ ವಾಕ್ಯವನ್ನು ಅದರಲ್ಲಿ ಅಕ್ಷರಶಃ ಬರೆಯಲಾಗದು. ಕಲೆಯಾಗಿ ನೋಡಿ, ಕಾಗುಣಿತವಾಗಿ ಅಲ್ಲ.

ಲೊಟಾನ್ನ ಇಗ್ವೆ-ಒಡುನ್ಜೆ 2009ರಲ್ಲಿ ತೊಡಗಿ 2020ರಲ್ಲಿ ಜನರ ಮುಂದಿಟ್ಟ 'ಎನ್‌ಡೆಬೆ' ಲಿಪಿ ಬೇರೆಯೇ ಮಾತು. ವ್ಯಂಜನ, ಸ್ವರ, ತಾನ ಮೂರನ್ನೂ ಒಂದೇ ಅಕ್ಷರದೊಳಗೆ ಕೂಡಿಸುತ್ತದೆ. ಕ ಕಾ ಕಿ ಕೀ ಕಲಿತು ಬೆಳೆದ ನಮಗೆ ಇದರ ಜಾಣ್ಮೆ ಬೇಗ ಹಿಡಿಸುತ್ತದೆ, ನನಗೂ ಹಿಡಿಸಿತು. 'ಅಕ್ವ'ದ ನಾಲ್ಕು ಅರ್ಥಗಳು ಇಲ್ಲಿ ಬೇರೆಬೇರೆಯಾಗಿಯೇ ಕಾಣುತ್ತವೆ. ಆದರೆ ಅಂಗಡಿಯ ಫಲಕ, ಶಾಲೆಯ ಪಠ್ಯ, ಪತ್ರಿಕೆ ಎಲ್ಲವೂ ರೋಮನ್ ಅಕ್ಷರದಲ್ಲಿ ಇರುವ ತನಕ ಇದು ಎರಡನೆಯ ವರ್ಷದ ಪ್ರೀತಿಯಾಗಿರಲಿ.

ಕನ್ನಡ ಲಿಪಿಯಲ್ಲೇ ಬರೆದುಕೊಂಡರೆ? ಮೊದಲ ಎರಡು ವಾರ ಸರಿ. ಞ, ಙ, ಚಗಳಿಗೆ ನಮ್ಮ ಲಿಪಿ ಇಂಗ್ಲಿಷ್ ಓದಿಗಿಂತ ವಾಸಿ. ಆದರೆ ಈ ಲೇಖನದ ಉದ್ದಕ್ಕೂ ನೋಡಿದಿರಲ್ಲ, ಚುಕ್ಕೆಯ ಸ್ವರಕ್ಕೂ ಚುಕ್ಕೆ ಇಲ್ಲದ್ದಕ್ಕೂ ಒಂದೇ ಉ, ಒಂದೇ ಒ ಬರೆಯುತ್ತಾ ಪ್ರತಿ ಸಲವೂ ವಿವರಣೆ ಕೊಡಬೇಕಾಯಿತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಕೀಲಿಮಣೆಯ ಮಾತು

ಮೊಬೈಲ್‌ನಲ್ಲಿ ಜಿಬೋರ್ಡ್‌ಗೆ ಇಗ್ಬೊ ಸೇರಿಸಿಕೊಳ್ಳಬಹುದು, ವಿಂಡೋಸ್‌ನಲ್ಲೂ ಇಗ್ಬೊ ಕೀಲಿಮಣೆ ಇದೆ. ಚುಕ್ಕೆ ಐ, ಓ, ಯುಗಳು ವಿಯೆಟ್ನಾಮೀ ಬರಹದಲ್ಲೂ ಇರುವುದರಿಂದ ಅವು ಬಹುತೇಕ ಫಾಂಟ್‌ಗಳಲ್ಲಿ ಸರಿಯಾಗಿ ಮೂಡುತ್ತವೆ. ಅದೇ ಕಾರಣಕ್ಕೆ ಕೆಲವರು ವಿಯೆಟ್ನಾಮೀ ಕೀಲಿಮಣೆ ಹಾಕಿಕೊಂಡು ಬರೆಯುತ್ತಾರೆ. ಆದರೆ ಅದರಲ್ಲಿ ಮೇಲೆ ಚುಕ್ಕೆಯ ಎನ್ ಸಿಗುವುದಿಲ್ಲ, ಮತ್ತೆ ಜೇನುಹುಳು ಮಾಂಸವಾಗುತ್ತದೆ. ಚುಕ್ಕೆ ಓ ಮೇಲೆ ತಾನದ ಗೆರೆ ಹಾಕಿದರೆ ಯೂನಿಕೋಡ್‌ನಲ್ಲಿ ಅದಕ್ಕೆ ಒಂದೇ ಸಂಕೇತವಿಲ್ಲ, ಎರಡನ್ನು ಪೋಣಿಸಬೇಕು. ಫಾಂಟ್ ಕಳಪೆಯಾದರೆ ಗೆರೆ ಪಕ್ಕಕ್ಕೆ ಜಾರುತ್ತದೆ, ನಮ್ಮ ಅರ್ಕಾವತ್ತು ಹಿಂದೊಮ್ಮೆ ಜಾರುತ್ತಿದ್ದಂತೆ. ನಿಘಂಟು ನೋಡುವಾಗ ಇನ್ನೊಂದು ನೆನಪಿರಲಿ: ಶಾಲಾ ವರ್ಣಮಾಲೆಯ ಕ್ರಮದಲ್ಲಿ ಜಿ ಪದಗಳೆಲ್ಲ ಮುಗಿದ ಮೇಲೆ ಜಿ-ಬಿ, ಆಮೇಲೆ ಜಿ-ಎಚ್, ಜಿ-ಡಬ್ಲ್ಯು ಬರುತ್ತವೆ. ನಡುವೆ ಹುಡುಕಿ ಸಿಗಲಿಲ್ಲವೆಂದು ಪುಸ್ತಕ ಮುಚ್ಚಬೇಡಿ.

ಜನರ ಹೆಸರುಗಳ ವಿಷಯದಲ್ಲಿ ಮಾತ್ರ ಇಲ್ಲಿ ಹೇಳಿದ ಯಾವ ನಿಯಮವನ್ನೂ ಹೇರಬೇಡಿ. ಪಾಸ್‌ಪೋರ್ಟ್‌ನಲ್ಲಿ, ಶಾಲೆಯ ದಾಖಲೆಯಲ್ಲಿ ಚುಕ್ಕೆ ಇಲ್ಲದೆ ಬರೆದ ಹೆಸರನ್ನು ಆ ಮನೆಯವರು ಹಾಗೆಯೇ ಬರೆಯುತ್ತಾ ಬಂದಿರಬಹುದು. ಚುಕ್ಕೆ ಹಾಕಲೇ ಎಂದು ಒಮ್ಮೆ ಕೇಳಿ. ಹಾಕಿ ಎಂದರೆ, ಯಾವ ಅಕ್ಷರದ ಕೆಳಗೆ ಎಂದು ಅವರ ಕೈಯಲ್ಲೇ ಬರೆಸಿಕೊಳ್ಳಿ.